ಮದಲೇನಮ್ಮನ ಕೈಗೆ ಬಂದ ಕರಡಿಗೆ

ಮದಲೇನಮ್ಮ ಮೊದಲಿನಿಂದಲೂ ಪುಕ್ಕಲು ಹೆಂಗಸು. ಗುಡುಗಿಗೆ ಹೆದರುತ್ತಿದ್ದಳು, ಖಾಕಿ ಬಟ್ಟೆಗೆ ಹೆದರುತ್ತಿದ್ದಳು, ಗಂಡನನ್ನು ನುಂಗಿದ ಹೊಲದ ಬಾವಿಯ ಕಡೆ ಕತ್ತು ತಿರುಗಿಸಲೂ ಹೆದರುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ ದೇವರಿಗೆ ಹೆದರುತ್ತಿದ್ದಳು. ಅವಳ ಮಟ್ಟಿಗೆ ದೇವರೆಂದರೆ ಬೆಳ್ಳಿಯ ಕರಡಿಗೆಯೊಳಗೆ ಬಿಳಿಯ ಬಿಲ್ಲೆಯಾಗಿ ಕೂತಿದ್ದವನು. ಗುರುಗಳ ಬೆರಳಲ್ಲದೆ ಬೇರೆ ಯಾರ ಬೆರಳೂ ತಾಕಬಾರದವನು.

ಹುಳಿಮಾವಿನಿಂದಾಚೆ, ಮಾವಿನ ತೋಪು ಮುಗಿದು ರಾಗಿ ಹೊಲ ಶುರುವಾಗುವಲ್ಲಿ, ಕ್ರೈಸ್ತರ ಒಂದು ಚಿಕ್ಕ ಕೇರಿಯಿತ್ತು. ಕೇರಿಗೊಂದು ಹೆಂಚಿನ ಗುಡಿ. ಆಗಿನ್ನೂ ಜಯನಗರದಲ್ಲಿ ನಿವೇಶನದ ಕಲ್ಲು ನೆಡುತ್ತಿದ್ದ ಕಾಲ. ಬನ್ನೇರುಘಟ್ಟದ ರಸ್ತೆಯಲ್ಲಿ ಬಸ್ಸಿಗಿಂತ ಎತ್ತಿನಗಾಡಿಗಳೇ ಜಾಸ್ತಿ. ಹತ್ತಾರು ಹಳ್ಳಿಗೆ ಸೇರಿ ಒಬ್ಬರೇ ಗುರುಗಳು, ಫಾದರ್ ಅರುಳಪ್ಪ. ಸೈಕಲ್ಲಿನ ಹಿಂದೆ ಪೂಜೆಯ ಪೆಟ್ಟಿಗೆ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದರು. ಈ ಗುಡಿಯ ಸರದಿ ಬಂದಾಗ ಸುತ್ತಲ ಹಳ್ಳಿಗಳಲ್ಲಿ ಒಂದೊಂದು ಎರಡೆರಡು ಮನೆಯಾಗಿ ಚದುರಿಕೊಂಡಿದ್ದ ಕ್ರೈಸ್ತರೆಲ್ಲ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದು ಬರುತ್ತಿದ್ದರು. ಗುರುಗಳಿಲ್ಲದ ಭಾನುವಾರಗಳಲ್ಲಿ ಉಪದೇಶಿ ಚೌರಪ್ಪನೇ ಜಪ ಹೇಳಿಸುತ್ತಿದ್ದ. ಮಕ್ಕಳಿಗೆ ಧರ್ಮ ಕಲಿಸುವವನೂ ಅವನೇ, ಜಗಳ ಬಿಡಿಸುವವನೂ ಅವನೇ.

ಗುಡಿ ಗುಡಿಸುವುದು, ಪೀಠದ ಬಟ್ಟೆ ಒಗೆಯುವುದು ಮದಲೇನಮ್ಮನ ಕೆಲಸ. ಪೂಜೆಯ ಪಾತ್ರೆ ಒರೆಸಿದ ಬಟ್ಟೆಯನ್ನು ಗುರುಗಳು ಮೊದಲು ತಾವೇ ನೀರಲ್ಲಿ ಅದ್ದಿ ಹಿಂಡಿಕೊಡಬೇಕು. ಆಮೇಲೆಯೇ ಇವಳು ಮುಟ್ಟುವುದು. ಹಾಗಿದ್ದೂ ಮುಟ್ಟುವಾಗ ಮೈ ಜುಮ್ಮೆನ್ನುತ್ತಿತ್ತು. ಅವಳ ಅಜ್ಜಿ ಹೇಳುತ್ತಿದ್ದ ಕಥೆಯೊಂದಿತ್ತು. ಯಾವುದೋ ಊರಲ್ಲಿ ಒಬ್ಬ, ಪೂಜೆಯಲ್ಲಿ ಗುರುಗಳು ನಾಲಗೆಯ ಮೇಲಿಟ್ಟ ಸತ್ಪ್ರಸಾದದ ಬಿಲ್ಲೆಯನ್ನು ಬಾಯಿಂದ ತೆಗೆದು ಮುತ್ತುಗದ ಎಲೆಯಲ್ಲಿ ಕಟ್ಟಿಕೊಂಡು ಮನೆಗೆ ಒಯ್ದನಂತೆ. ಮನೆ ಮುಟ್ಟುವ ಹೊತ್ತಿಗೆ ಅವನ ಕೈ ಒಣಗಿದ ಅವರೆಸಿಪ್ಪೆಯ ಹಾಗೆ ಮುರುಟಿಹೋಗಿತ್ತಂತೆ.

ಸಾವಿರದ ಒಂಬೈನೂರ ಐವತ್ತಾರನೇ ಇಸವಿ, ಜಪಸರದ ತಿಂಗಳು, ಅಂದರೆ ಅಕ್ಟೋಬರ್. ಮಳೆ ಹಿಡಿದುಕೊಂಡಿತ್ತು. ಒಂದು ಮಧ್ಯಾಹ್ನ ಬಿಳೇಕಹಳ್ಳಿಯ ಮಗ್ಗುಲಲ್ಲಿದ್ದ ಇನ್ನಾಸಪ್ಪನ ಮನೆಯಿಂದ ಆಳು ಬಂದ. ಇನ್ನಾಸಪ್ಪನ ತಾಯಿ ತೆರೇಸಮ್ಮನಿಗೆ ಉಸಿರು ಮೇಲಕ್ಕೆ ಹತ್ತಿದೆ, ಗುರುಗಳು ಬರಬೇಕು ಎಂದ. ಪುಣ್ಯಕ್ಕೆ ಆ ದಿನ ಫಾದರ್ ಅರುಳಪ್ಪ ಗುಡಿಯಲ್ಲೇ ಇದ್ದರು. ಸಾಯುವವರಿಗೆ ಸತ್ಪ್ರಸಾದ ಒಯ್ಯುವಾಗ ಗುರುಗಳು ದಾರಿಯುದ್ದಕ್ಕೂ ಮಾತಾಡುವ ಹಾಗಿಲ್ಲ. ಯಾರಾದರೂ ಮುಂದೆ ಗಂಟೆ ಬಾರಿಸಿಕೊಂಡು ಹೋಗಬೇಕು. ಅದು ಚೌರಪ್ಪನ ಕೆಲಸ, ಆದರೆ ಚೌರಪ್ಪ ಚಳಿಜ್ವರದಲ್ಲಿ ಕಂಬಳಿ ಹೊದ್ದು ಮಲಗಿದ್ದ.

"ಮದಲೇನಮ್ಮ, ಗಂಟೆ ತಗೊಂಡು ನೀನೇ ಬಾ," ಎಂದರು ಗುರುಗಳು.

"ನಾನಾ ಸ್ವಾಮಿ? ಎಂಗಸ್ರು ಮುಂದೆ ಓಗಬೌದಾ?"

"ಆ ಮುದುಕಿ ಹೆಣ್ಣೋ ಗಂಡೋ ಅಂತ ಕೇಳ್ತಾಳಾ? ನಡಿ."

ಗುರುಗಳು ಕರಡಿಗೆಯನ್ನು ರೇಷ್ಮೆ ಚೀಲದಲ್ಲಿಟ್ಟು ಕೊರಳಿಗೆ ಹಾಕಿಕೊಂಡು, ಮೇಲೆ ಬಿಳಿವಸ್ತ್ರ ಹೊದ್ದರು. ಅಲ್ಲಿಂದ ಅವರ ಬಾಯಿ ಮುಚ್ಚಿತು. ಆಳು ಸುದ್ದಿ ಮುಟ್ಟಿಸಲು ಮುಂದೆ ಓಡಿದ. ಮದಲೇನಮ್ಮ ಗಂಟೆ ಅಲ್ಲಾಡಿಸುತ್ತ ಹೆಜ್ಜೆ ಹಾಕಿದಳು. ಬೆನ್ನ ಹಿಂದೆ ಮಾತಿಲ್ಲದ ಗುರುಗಳು, ಅವರ ಎದೆಯ ಮೇಲೆ ದೇವರು. ಒಂದು ಸಲವೂ ಹಿಂತಿರುಗಿ ನೋಡುವ ಧೈರ್ಯ ಅವಳಿಗಾಗಲಿಲ್ಲ.

ಕೆರೆಯ ಏರಿ ಹತ್ತುವ ಹೊತ್ತಿಗೆ ಮಳೆ ಬಿರುಸಾಯಿತು. ಕೋಡಿ ಬಿದ್ದು ನೀರು ಕಾಲುದಾರಿಯ ಮೇಲೆ ಹರಿಯತೊಡಗಿತ್ತು. ಅವಳು ಸೀರೆ ಎತ್ತಿಕಟ್ಟಿ ದಾಟಿ ನಿಂತಳು. ಹಿಂದೆ ಹೆಜ್ಜೆಯ ಸದ್ದಿಲ್ಲ. ತಿರುಗಿ ನೋಡಿದರೆ ಗುರುಗಳು ನೀರಿನ ನಡುವೆ ಮಂಡಿಯೂರಿ ಕೂತಿದ್ದರು. ಪ್ರಾರ್ಥನೆ ಮಾಡುತ್ತಿದ್ದಾರೆ ಎಂದುಕೊಂಡಳು. ಆಮೇಲೆ ಅವರ ಮುಖ ಒಂದು ಕಡೆಗೆ ಜೋತುಬಿದ್ದಿದ್ದು ಕಂಡಿತು. ಬಲಗೈ ನೀರಲ್ಲಿ ಬಿದ್ದಿತ್ತು, ಎಡಗೈ ಮಾತ್ರ ಎದೆಯ ಮೇಲಿನ ಚೀಲವನ್ನು ಹಿಡಿದುಕೊಂಡಿತ್ತು.

"ಅಯ್ಯೋ ಸ್ವಾಮಿ!" ಎಂದು ಗಂಟೆಯನ್ನು ಎಸೆದು ಓಡಿದಳು. ಕಂಕುಳಿಗೆ ಕೈ ಕೊಟ್ಟು ಎಳೆದಳು. ಗುರುಗಳು ಸ್ಥೂಲದೇಹಿ. ಹೇಗೆ ಎಳೆದಳೋ ಅವಳಿಗೇ ಗೊತ್ತಿಲ್ಲ, ಅಂತೂ ಹೊಂಗೆಮರದ ಬುಡಕ್ಕೆ ತಂದು ಒರಗಿಸಿ "ಯಾರಾದ್ರೂ ಬನ್ರಪ್ಪೋ!" ಎಂದು ಕಿರುಚಿದಳು.

ಮರದಾಚೆಯ ಹೊಲದಿಂದ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಒಬ್ಬ ಓಡಿಬಂದ. ಬಿಳೇಕಹಳ್ಳಿಯ ಚಿಕ್ಕಬೈರಪ್ಪ, ಒಕ್ಕಲಿಗರವನು. ಗುರುಗಳನ್ನು ನೋಡಿದವನೇ, "ಲಕ್ವ ಒಡ್ದದೆ ಕಣವ್ವ. ಗಾಡಿ ಕಟ್ತೀನಿ, ರಸ್ತೆಗೆ ಮುಟ್ಟಿಸಿದ್ರೆ ಯಾವ್ದಾದ್ರೂ ಲಾರಿ ಸಿಗ್ತದೆ. ಪ್ಯಾಟೆ ಆಸ್ಪತ್ರೆಗೇ ಓಗ್ಬೇಕು," ಎಂದು ಎತ್ತು ತರಲು ಓಡಿದ.

ಗಾಡಿ ಬಂತು. ಇಬ್ಬರೂ ಸೇರಿ ಗುರುಗಳನ್ನು ಹುಲ್ಲಿನ ಮೇಲೆ ಮಲಗಿಸಿದರು. ಆಗ ಗುರುಗಳ ತುಟಿ ಅಲ್ಲಾಡಿತು. ಮಾತು ಬಾಯೊಳಗೇ ಮುದ್ದೆಯಾಗಿ ಹೊರಬಂತು.

"ತೆಗಿ... ನೀನೇ ಕೊಡು... ತೆರೇಸಮ್ಮಂಗೆ."

ಮದಲೇನಮ್ಮ ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡು ಅತ್ತಳು. "ಬ್ಯಾಡಿ ಸ್ವಾಮಿ, ನನ್ನ ಕೈಲಾಗಕಿಲ್ಲ. ನಾನು ಮುಟ್ಟಬಾರ್ದು."

"ನೀನೇ... ಕೊಡು." ಅಷ್ಟೇ. ಆಮೇಲೆ ಕಣ್ಣು ಮುಚ್ಚಿತು, ಮಾತು ಬರಲಿಲ್ಲ.

"ಅದೇನೋ ತಗೊ ಅಂತವ್ರಲ್ಲವ್ವ," ಎಂದ ಚಿಕ್ಕಬೈರಪ್ಪ. ಚೀಲದ ಬಾಯಿಂದ ಇಣುಕುತ್ತಿದ್ದ ಬೆಳ್ಳಿಯನ್ನು ನೋಡಿ, "ಜಂಗಮರು ಕೊರಳಿಗೆ ಕಟ್ಕಂತಾರಲ್ಲ, ಅಂತಾ ಕರಡಿಗೆ. ತಗೊ ಬಿರ್ರನೆ. ಸ್ವಾಮ್ಯೋರ ಜೀವ ಓಯ್ತಾದೆ ಇಲ್ಲಿ," ಎಂದು ಗದರಿದ.

ಅವಳು ಸೆರಗಿನ ತುದಿಯನ್ನು ಎರಡೂ ಕೈಗೆ ಸುತ್ತಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಚೀಲವನ್ನು ಗುರುಗಳ ಕೊರಳಿಂದ ಬಿಡಿಸಿದಳು. ಗಾಡಿ ಹೊರಟಿತು. ಮಳೆಯಲ್ಲಿ ಅವಳೊಬ್ಬಳೇ ನಿಂತಳು.

ಹೊಲದ ಬದುವಿನ ಮೇಲೆ ನಡೆದ ಆ ಹೊತ್ತಿನ ಬಗ್ಗೆ ಮದಲೇನಮ್ಮ ಮುಂದೆ ಯಾರ ಹತ್ತಿರವೂ ಹೆಚ್ಚು ಹೇಳಲಿಲ್ಲ. ಕೆಸರಲ್ಲಿ ಜಾರಿದರೆ ದೇವರನ್ನು ಕೆಳಗೆ ಬೀಳಿಸಿದ ಹಾಗೆ. ನಿಂತರೆ ಮುದುಕಿ ಸಾಯುತ್ತಾಳೆ. ಸಿಡಿಲು ಹೊಡೆದಾಗಲೆಲ್ಲ, ಇದು ನನ್ನ ಮೇಲೆಯೇ ಬಿತ್ತು ಎಂದು ಕುಗ್ಗಿ ಕೂತು, ಮತ್ತೆ ಎದ್ದು ನಡೆದಳು. ನಮೋ ಮರಿಯ ಜಪ ಅರ್ಧಕ್ಕೇ ಮರೆತುಹೋಗಿ ಮೊದಲ ಪದವನ್ನೇ ಹೇಳಿಕೊಳ್ಳುತ್ತಿದ್ದಳು.

ಇನ್ನಾಸಪ್ಪನ ಮನೆಯಲ್ಲಿ ಮೇಣದ ಬತ್ತಿ ಹಚ್ಚಿ ಎಲ್ಲರೂ ಬಾಗಿಲಲ್ಲೇ ಮಂಡಿಯೂರಿದ್ದರು. ಇವಳೊಬ್ಬಳೇ ಬಂದದ್ದು ಕಂಡು ಇನ್ನಾಸಪ್ಪ ಎದ್ದ.

"ಸ್ವಾಮ್ಯೋರೆಲ್ಲಿ?"

ಏದುಸಿರು ಬಿಡುತ್ತ ಆದದ್ದೆಲ್ಲ ಹೇಳಿದಳು. ಅವನ ಮುಖ ಬಿಳಿಚಿಕೊಂಡಿತು.

"ಎಂಗಸು ಸತ್ಪ್ರಸಾದ ಕೊಡೋದಾ? ತಲೆ ಕೆಟ್ಟದಾ ನಿಂಗೆ? ನಮ್ಮವ್ವಂಗೆ ಮೋಕ್ಸ ತಪ್ಪಿಸ್ತೀಯಾ?"

"ನಂಗೂ ಬ್ಯಾಡ ಕಣಣ್ಣ. ನೀನೇ ತಗೊ. ನೀನೇ ಕೊಡು," ಎಂದು ಅವಳು ಕೈ ಮುಂದೆ ಚಾಚಿದಳು.

ಇನ್ನಾಸಪ್ಪ ಹಾವು ಕಂಡವನ ಹಾಗೆ ಹಿಂದಕ್ಕೆ ಸರಿದ. ಅವನ ಹೆಂಡತಿಯೂ ಸರಿದಳು. ಆ ಮನೆಯಲ್ಲಿ ಯಾರೂ ಮುಂದೆ ಬರಲಿಲ್ಲ. ಚಾಪೆಯ ಮೇಲಿದ್ದ ತೆರೇಸಮ್ಮ ಮಾತ್ರ ತಲೆಯೆತ್ತಲು ನೋಡಿದಳು. ಗೊರಗೊರ ಉಸಿರಿನ ನಡುವೆ, "ಯಾಕೆ ತಡ ಮಾಡೀಯವ್ವ? ತತ್ತಾ..." ಎಂದು ಬಾಯಿ ತೆರೆದಳು.

ಮದಲೇನಮ್ಮ ಕೈ ತೊಳೆದು ಚಾಪೆಯ ಪಕ್ಕ ಕೂತಳು. ಕರಡಿಗೆಯ ಮುಚ್ಚಳ ತೆಗೆದಳು. ಒಳಗಿನ ಬಿಲ್ಲೆಯನ್ನು ಸೆರಗಿನಿಂದ ಎತ್ತಲು ನೋಡಿದಳು, ಅಂಚಿಗೆ ಸಿಕ್ಕಿ ಮುರಿಯುವಂತಾಯಿತು. ಸೆರಗನ್ನು ಬಿಟ್ಟು ಬರಿಯ ಹೆಬ್ಬೆರಳು, ತೋರುಬೆರಳಿನಿಂದ ಎತ್ತಿದಳು. ಅದು ಇಷ್ಟು ಹಗುರವಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಮುದುಕಿಯ ನಾಲಗೆಯ ಮೇಲಿಟ್ಟಳು. ಇನ್ನಾಸಪ್ಪನ ಹೆಂಡತಿ ಒಂದು ಚಮಚ ನೀರು ಕುಡಿಸಿದಳು. ತೆರೇಸಮ್ಮ ನುಂಗಿ, ಕಣ್ಣು ಮುಚ್ಚಿಕೊಂಡಳು. ಮಾರನೆಯ ಬೆಳಗ್ಗೆ ತೀರಿಕೊಂಡಳು.

ನಿಜವಾದ ಭಯ ಶುರುವಾದದ್ದು ಆಮೇಲೆ. ಗುರುಗಳ ಜೀವ ಉಳಿಯಿತು, ಮಾತು ಹೋಯಿತು. ಅವರು ಅಪ್ಪಣೆ ಕೊಟ್ಟರೆಂದು ಹೇಳಲು ಕ್ರೈಸ್ತರಲ್ಲಿ ಒಬ್ಬ ಸಾಕ್ಷಿಯೂ ಇರಲಿಲ್ಲ. ಜ್ವರ ಬಿಟ್ಟು ಎದ್ದ ಚೌರಪ್ಪ ಗುಡಿಯ ಬೀಗದಕೈ ಇಸಿದುಕೊಂಡ. "ಮೇಲಿಂದ ಅಪ್ಪಣೆ ಬರಗಂಟ ನೀನು ಪೀಠದ ಹತ್ರ ಹೋಗ್ಬ್ಯಾಡ," ಎಂದ. ಕೇರಿಯ ಬಾವಿಕಟ್ಟೆಯಲ್ಲಿ ಹೆಂಗಸರು ಅವಳಿಗೆ "ಸ್ವಾಮ್ಯೋರಮ್ಮ" ಎಂದು ಹೆಸರಿಟ್ಟು ನಕ್ಕರು. ಅವಳು ಎದ್ದ ಕೂಡಲೇ ಬೆರಳು ಮಡಿಸಿ ಬಿಚ್ಚಿ ನೋಡಿಕೊಳ್ಳುತ್ತಿದ್ದಳು.

ಕೆಲವು ದಿನ ಕಳೆದು ಬಲಗೈ ಹೆಬ್ಬೆರಳು ಮಿಡಿಯತೊಡಗಿತು. ಕೆಂಪಾಗಿ ಊದಿಕೊಂಡಿತು. ಕೇರಿಗೆ ಕೇರಿಯೇ ನಗುವುದನ್ನು ನಿಲ್ಲಿಸಿತು. ಬಾವಿಯ ಹತ್ತಿರ ಅವಳು ಬಂದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ನಿಲ್ಲುತ್ತಿದ್ದರು, ಮಕ್ಕಳನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಮದಲೇನಮ್ಮ ಅನ್ನ ಬಿಟ್ಟಳು. ಮೊದಲು ಬೆರಳು, ಆಮೇಲೆ ಕೈ, ಆಮೇಲೆ ಆತ್ಮ ಎಂದು ಲೆಕ್ಕ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದಳು.

ಸುದ್ದಿ ಬಿಳೇಕಹಳ್ಳಿಗೆ ಮುಟ್ಟಿ, ಚಿಕ್ಕಬೈರಪ್ಪನ ಹೆಂಡತಿ ಲಕ್ಷ್ಮಮ್ಮ ನೋಡಲು ಬಂದಳು. ಬೆರಳು ಹಿಡಿದು ತಿರುಗಿಸಿ ನೋಡಿದಳು. ಮಡಿಲಿಂದ ಒಂದು ನಿಂಬೆಹಣ್ಣು ತೆಗೆದು, ತೂತು ಮಾಡಿ, ಅರಿಸಿನ ತುಂಬಿ, ಹೆಬ್ಬೆರಳಿಗೆ ಸಿಕ್ಕಿಸಿದಳು.

ಅದೇ ವಾರ ಮೇತ್ರಾಣಿಗಳು, ಅಂದರೆ ಬಿಷಪ್ಪರು, ಕಳಿಸಿದ ಹಿರಿಯ ಗುರುಗಳೊಬ್ಬರು ಪೇಟೆಯಿಂದ ವಿಚಾರಣೆಗೆ ಬಂದರು. ಗುಡಿಯ ತುಂಬ ಜನ. ಮದಲೇನಮ್ಮ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡು ನಿಂತಳು. ನಡೆದದ್ದನ್ನು ಕೇಳಿದ ಹಿರಿಯ ಗುರುಗಳು, "ಫಾದರ್ ಅರುಳಪ್ಪ ಹಾಗೆ ಹೇಳಿದ್ದನ್ನ ಕೇಳಿದವರು ಯಾರಿದ್ದಾರೆ?" ಎಂದರು.

ಬಾಗಿಲಾಚೆ ಚಪ್ಪಲಿ ಬಿಟ್ಟು ನಿಂತಿದ್ದ ಚಿಕ್ಕಬೈರಪ್ಪ ಮುಂದೆ ಬಂದ. "ನಾನು ಕೇಳಿವ್ನಿ ಸ್ವಾಮಿ. 'ನೀನೇ ಕೊಡು' ಅಂದ್ರು, ಎಲ್ಡು ಸತಿ. ಈವಮ್ಮ ಬ್ಯಾಡ ಅಂತ ಅತ್ಲು. ನಾನೇ ಗದರಿ ತಕ್ಕಳೋ ಅಂಗೆ ಮಾಡ್ದೆ. ತಪ್ಪಿದ್ರೆ ನಂದು."

ಹಿರಿಯ ಗುರುಗಳು ಅವಳ ಕಡೆ ತಿರುಗಿ, "ಕೈ ತೋರಿಸಮ್ಮ," ಎಂದರು.

ಅವಳು ಸೆರಗಿನಿಂದ ಕೈ ಹೊರತೆಗೆದು ಚಾಚಿದಳು. ಹೆಬ್ಬೆರಳ ಮೇಲೆ ನಿಂಬೆಹಣ್ಣು.

"ಏನಿದು?"

"ದೇವರ ಸಿಕ್ಸೆ ಸ್ವಾಮಿ."

ಗುರುಗಳು ಹಣ್ಣು ತೆಗೆದು ನೋಡಿದರು. ಕೀವು ಒಡೆದು ಊತ ಇಳಿದಿತ್ತು. "ಇದು ಉಗುರುಸುತ್ತು. ನನಗೂ ವರ್ಷ ವರ್ಷ ಬರುತ್ತೆ," ಎಂದರು. ಆಮೇಲೆ ಜನರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು: "ಪ್ರಾಣ ಹೋಗೋ ಹೊತ್ತು, ಗುರುಗಳ ಅಪ್ಪಣೆ. ಈಕೆ ತಪ್ಪು ಮಾಡಿಲ್ಲ. ಹಾಗಂತ ನಾಳೆಯಿಂದ ಎಲ್ಲರೂ ಶುರು ಮಾಡ್ಕೋಬೇಡಿ."

ಬೀಗದಕೈ ವಾಪಸು ಬಂತು. ಭಯ ಮಾತ್ರ ಪೂರ್ತಿ ಹೋಗಲಿಲ್ಲ. ಆ ಬೆರಳುಗಳಿಂದ ಅವಳು ಬಹಳ ದಿನ ಉಪ್ಪನ್ನೂ ಮುಟ್ಟಲಿಲ್ಲ. ಫಾದರ್ ಅರುಳಪ್ಪ ಪೇಟೆಯಲ್ಲೇ ಉಳಿದು, ಎರಡು ವರ್ಷದ ಮೇಲೆ ತೀರಿಕೊಂಡರು. ಅವರಿಗೆ ತಾವು ಹೇಳಿದ್ದು ನೆನಪಿತ್ತೋ ಇಲ್ಲವೋ ಎಂದು ಕೇಳಲು ಅವಳಿಗೆ ಕೊನೆಗೂ ಧೈರ್ಯ ಬರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಕೇರಿಯ ಅರ್ಧ ಜನ ಕಟ್ಟಡದ ಕೆಲಸಕ್ಕೆಂದು ತಿಲಕ್ ನಗರದ ಕಡೆ ಹೋದರು. ಲತೀನ್ ಭಾಷೆಯಲ್ಲಿ ನಡೆಯುತ್ತಿದ್ದ ಪೂಜೆ ಕನ್ನಡಕ್ಕೆ ಬಂತು. ಆ ಹೊಸದರಲ್ಲೇ ಒಂದು ದಿನ ಇನ್ನಾಸಪ್ಪ ಮದಲೇನಮ್ಮನ ಬಾಗಿಲಿಗೆ ಬಂದು, ಬಗ್ಗಿಸಿದ ತಲೆ ಎತ್ತದೆ ನಿಂತ.

"ಅಕ್ಕಾ, ಎಣ್ಣು ಮಗ ಉಟ್ಟದೆ. ಜ್ಞಾನಸ್ನಾನಕ್ಕೆ ನೀನೇ ಜ್ಞಾನತಾಯಿ ಆಗಿ ಮಗೀನ ಎತ್ಕಂಡು ನಿಲ್ಬೇಕು. ನನ್ನೆಂಡ್ತಿ ಬೇರೆ ಯಾರೂ ಬ್ಯಾಡ ಅಂತಾವ್ಳೆ."

"ಬ್ಯಾರೆ ಯಾರ್ನಾದ್ರೂ ಕರ್ಯಪ್ಪ. ನಂಗೆ ಕೈ ನಡುಗ್ತದೆ."

"ನಡುಗಲಿ ಬುಡು."

ಅವಳು ಹೋದಳು. ಜ್ಞಾನಸ್ನಾನದ ತೊಟ್ಟಿಯ ಮುಂದೆ ಮಗುವನ್ನು ಎದೆಗವಚಿಕೊಂಡು ನಿಂತಾಗ ಕೈ ನಡುಗುತ್ತಲೇ ಇತ್ತು. ತಲೆಯ ಮೇಲೆ ನೀರು ಬಿದ್ದದ್ದೇ ತಡ, ಮಗು ಗುಡಿ ಹಾರಿಹೋಗುವ ಹಾಗೆ ಕಿರುಚಿತು. ಮಗುವಿಗೆ ತೆರೇಸ ಎಂದು ಹೆಸರಿಟ್ಟರು. ಮದಲೇನಮ್ಮ ಸೆರಗಿನಿಂದ ಅದರ ನೆತ್ತಿ ಒರೆಸಿದಳು. ತಾಯಿ ಕೈ ಚಾಚಿದರೂ, ಅಳು ನಿಲ್ಲುವ ತನಕ ಕೊಡಲಿಲ್ಲ.