ಗುಲಿಸ್ತಾನಳ ಅರ್ಜಿಯೂ ನನ್ನ ಬಾಯಿಯೂ

ಇವತ್ತು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಕೌಂಟರಿನ ಕೆಳಗಿನ ಡ್ರಾಯರ್ ಖಾಲಿ ಮಾಡುತ್ತಾ ಕೂತಿದ್ದೆ. ರಬ್ಬರ್ ಬ್ಯಾಂಡುಗಳ ಒಂದು ಗಂಟಿನ ಹಿಂದೆ ಪುಟ್ಟ ಬಾಟಲಿಯೊಂದು ಕೈಗೆ ಸಿಕ್ಕಿತು. ಒಳಗಿನದೆಲ್ಲ ಆರಿಹೋಗಿತ್ತು. ಮೂಗಿನ ಹತ್ತಿರ ತಂದರೆ ಮಾತ್ರ ಇನ್ನೂ ನಿಂಬೆಹಣ್ಣಿನ ವಾಸನೆ. ತುರ್ಕಿಯಲ್ಲಿ ಮನೆಗೆ ಬಂದವರ ಅಂಗೈಗೆ ಮೊದಲು ಈ ಸುಗಂಧದ ನೀರನ್ನು ಹನಿಸುತ್ತಾರಂತೆ, ನಮ್ಮಲ್ಲಿ ಮದುವೆ ಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಹಾಗೆ. ನನಗೆ ಇದನ್ನು ಕೊಟ್ಟವಳು ಗುಲಿಸ್ತಾನ. ಅದು ಅವಳ ನಿಜವಾದ ಹೆಸರಲ್ಲ.

ನನ್ನ ಕಸುಬು ಏನೆಂದು ಮೊದಲು ಹೇಳಿಬಿಡುತ್ತೇನೆ. ಹ್ಯೂಸ್ಟನ್ನಿನ ಸೈಪ್ರೆಸ್‌ನಲ್ಲಿ, ಒಂದು ಡೋನಟ್ ಅಂಗಡಿಗೂ ಒಂದು ನೇಲ್ ಸಲೂನಿಗೂ ನಡುವೆ ನನ್ನದೊಂದು ಪಾರ್ಸೆಲ್ ಅಂಗಡಿ. ಒಂದು ಗೋಡೆಯ ತುಂಬ ಬೀಗವಿರುವ ಪುಟ್ಟ ಪುಟ್ಟ ಅಂಚೆ ಪೆಟ್ಟಿಗೆಗಳು. ಮನೆಯ ವಿಳಾಸವನ್ನು ಎಲ್ಲರಿಗೂ ಕೊಡಲು ಇಷ್ಟವಿಲ್ಲದವರು ಅವನ್ನು ಬಾಡಿಗೆಗೆ ಹಿಡಿಯುತ್ತಾರೆ. ಜೊತೆಗೆ ನಾನು ನೋಟರಿ. ಬಂದವರ ಗುರುತಿನ ಕಾರ್ಡು ನೋಡಿ, ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿ, ನನ್ನ ಕಣ್ಣೆದುರು ಸಹಿ ಹಾಕಿಸಿ ಸೀಲು ಒತ್ತುತ್ತೇನೆ. ಕಾಗದದಲ್ಲಿ ಬರೆದದ್ದು ನಿಜವೋ ಸುಳ್ಳೋ ನನಗೆ ಸಂಬಂಧವಿಲ್ಲ. ಸಹಿ ಹಾಕಿದ ಮನುಷ್ಯ ಇವನೇ ಎಂಬಷ್ಟಕ್ಕೆ ಮಾತ್ರ ನಾನು ಸಾಕ್ಷಿ. ಇಷ್ಟು ಹಗುರವಾದ ಸಾಕ್ಷಿ ಬೇರೆ ಎಲ್ಲಿದೆ ಎಂದು ನಾನು ಕನ್ನಡ ಸಂಘದ ಊಟಗಳಲ್ಲಿ ಹೇಳಿ ನಗಿಸುತ್ತಿದ್ದ ಕಾಲವಿತ್ತು.

ಹಾಗೆ ನಗಿಸುವುದೇ ನನ್ನ ಚಟವಾಗಿತ್ತು. ವಿಜಯಪುರದವನು ನಾನು, ಮಾತಿಲ್ಲದೆ ಊಟ ಅರಗುವುದಿಲ್ಲ. ಪೆಟ್ಟಿಗೆ ತೆರೆಯಲು ಬಂದವರನ್ನು ಹಿಡಿದು ನಿಲ್ಲಿಸಿ, ಅವರ ಮಗಳು ಯಾವ ಕಾಲೇಜು, ಮೊಣಕಾಲು ನೋವು ಹೇಗಿದೆ, ಎಲ್ಲ ವಿಚಾರಿಸಿ, ಅದನ್ನು ಮುಂದೆ ಬಂದವರಿಗೆ ದಾಟಿಸುತ್ತಿದ್ದೆ. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಶನಿವಾರಗಳಲ್ಲಿ ಅಂಗಡಿಗೆ ಬಂದು ಕೂರುತ್ತಿದ್ದ ನನ್ನ ಹೆಂಡತಿ ಸುಮಂಗಲಾ ಕೇಳುತ್ತಿದ್ದಳು: "ಅಂಗಡಿ ನಡಸಾಕತ್ತೀರೋ, ಹರಟಿ ಕಟ್ಟಿ ನಡಸಾಕತ್ತೀರೋ? ಒಂದ್ ಮಾತು ಕಡಿಮಿ ಆಡಿದ್ರ ಏನ್ ಹೋಗತೈತ್ರಿ?"

ಗುಲಿಸ್ತಾನ ಮೊದಲ ಸಲ ಬಂದಾಗ ಅವಳಿಗೆ ಮೂವತ್ತೈದರ ಆಸುಪಾಸು. ತೈಲ ಕಂಪನಿಗಳು ಸಾಲಾಗಿರುವ ಎನರ್ಜಿ ಕಾರಿಡಾರಿನ ಯಾವುದೋ ಆಫೀಸಿನಲ್ಲಿ ಪೈಪುಗಳ ನಕ್ಷೆ ಬರೆಯುವ ಕೆಲಸ. ಮನೆ ಇದ್ದದ್ದು ಕೇಟಿ ಎಂಬ ಊರಿನಲ್ಲಿ. ಅಷ್ಟು ದೂರದಿಂದ ಸೈಪ್ರೆಸ್‌ಗೆ ಬಂದು ಯಾಕೆ ಪೆಟ್ಟಿಗೆ ಹಿಡಿಯುತ್ತಾಳೆ ಎಂದು ನನಗೆ ಆಗ ಹೊಳೆಯಲಿಲ್ಲ. ತುರ್ಕಿಯವಳೇ ಎಂದು ಕೇಳಿದೆ. "ಪಾಸ್‌ಪೋರ್ಟು ಅಲ್ಲಿಯದಿತ್ತು. ನಾನು ಕುರ್ದ್," ಎಂದಳು. ಅದು ಅವಳ ಜನಾಂಗದ ಹೆಸರೆಂದು ತಿಳಿಯದೆ ನಾನು ರಿಜಿಸ್ಟರಿನಲ್ಲಿ ಅಡ್ಡಹೆಸರಿನ ಜಾಗದಲ್ಲಿ 'ಕುರ್ದ್' ಎಂದು ಬರೆದೆ. ಅವಳು ಅದನ್ನು ನೋಡಿ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದೇ ಎರಡೋ ಮೂರೋ ಸಲ.

ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ನೆನಪಿಗೆ ಬರುವಾಗ ಮಾತ್ರ ಯಾಕೋ ಅದು ಕನ್ನಡವಾಗಿ ಬರುತ್ತದೆ. ಕೆಲವು ತಿಂಗಳಾದ ಮೇಲೆ ಅವಳು ನನ್ನನ್ನು 'ಕೇಕೋ' ಎನ್ನತೊಡಗಿದಳು. ಅವರ ಭಾಷೆಯಲ್ಲಿ ಅಣ್ಣ. ಶಾಲೆಯಲ್ಲಿ ಆ ಭಾಷೆ ಆಡಿದರೆ ಮೇಷ್ಟ್ರು ಅಂಗೈಗೆ ಹೊಡೆಯುತ್ತಿದ್ದರು ಎಂದು ಒಂದು ದಿನ ಕವರಿಗೆ ಗೋಂದು ಹಚ್ಚುತ್ತಾ ಹೇಳಿದಳು.

ತಿಂಗಳ ಮೊದಲ ಶನಿವಾರ ಪೆಟ್ಟಿಗೆ ನೋಡಲು ಬರುತ್ತಿದ್ದಳು. ವರ್ಷಕ್ಕೆ ಒಂದೆರಡು ಸಲ ಅರ್ಜಿಯೊಂದನ್ನು ತಂದು ನನ್ನೆದುರು ಪ್ರಮಾಣ ಮಾಡಿ ಸಹಿ ಹಾಕುತ್ತಿದ್ದಳು. ಅದು ರಾಜಧಾನಿ ಆಸ್ಟಿನ್ನಿಗೆ ಹೋಗಿ ರಾಜ್ಯದ ಮೊಹರು ಹಾಕಿಸಿಕೊಂಡು, ಆಮೇಲೆ ತುರ್ಕಿಯಲ್ಲಿ ಅವಳ ವಕೀಲರಿಗೆ ಹೋಗುತ್ತಿತ್ತು. ನಾನು ಎಂದೂ ಓದಲಿಲ್ಲ. ಓದಬೇಕಾಗಿಯೂ ಇರಲಿಲ್ಲ. ಆದರೆ ಕೇಳದೆ ಬಿಡುವವನು ನಾನಲ್ಲ. ಮೂರನೆಯ ಅರ್ಜಿಯ ಹೊತ್ತಿಗೆ ಅವಳ ಕಥೆ ನನಗೆ ಗೊತ್ತಾಗಿತ್ತು.

ಅವಳ ತಂದೆ ತುರ್ಕಿಯ ಆಗ್ನೇಯ ಭಾಗದ ಒಂದು ಸಣ್ಣ ಊರಿನಲ್ಲಿ ಔಷಧದಂಗಡಿ ಇಟ್ಟಿದ್ದರು. ತೊಂಬತ್ತರ ದಶಕ. ಬೆಟ್ಟಗಳಲ್ಲಿ ಕುರ್ದರ ಬಂದೂಕು, ಊರುಗಳಲ್ಲಿ ಸೈನ್ಯ. ಎರಡೂ ಕಡೆ ಹುಡುಗರು ಸಾಯುತ್ತಿದ್ದರು. ಅವಳ ತಂದೆ ಬೆಟ್ಟದವರಿಗೆ ಔಷಧ ಕೊಡುತ್ತಾರೆ ಎಂದು ಯಾರೋ ಬರೆದುಕೊಟ್ಟಿದ್ದರು. ಕೊಟ್ಟಿದ್ದರೋ ಇಲ್ಲವೋ ಅವಳಿಗೂ ಗೊತ್ತಿಲ್ಲ. ಕೇಳಿದವರಿಗೆಲ್ಲ ಕೊಡುತ್ತಿದ್ದರು, ಸಿಪಾಯಿಗಳಿಗೂ. ಒಂದು ಮಧ್ಯಾಹ್ನ ಊಟ ಮುಗಿಸಿ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಬಿಳಿ ಕಾರಿನಲ್ಲಿ ಇಬ್ಬರು ಬಂದರು. ಸಾದಾ ಬಟ್ಟೆಯವರು. "ಒಂದು ಹೇಳಿಕೆ ಬೇಕಾಗಿತ್ತು, ಐದು ನಿಮಿಷ" ಎಂದರು. ಮೂರು ದಿನದ ಮೇಲೆ ಹೆದ್ದಾರಿಯ ಸೇತುವೆಯ ಕೆಳಗೆ ಅವರ ಹೆಣ ಸಿಕ್ಕಿತು. ಗುಲಿಸ್ತಾನಳಿಗೆ ಆಗ ಹನ್ನೊಂದು ವರ್ಷ. ಕಡತದ ಮೇಲೆ 'ಕೊಂದವರು ಯಾರೆಂದು ತಿಳಿದಿಲ್ಲ' ಎಂದು ಬರೆದರು.

"ಆ ವರ್ಷಗಳಲ್ಲಿ ಅದು ಎಷ್ಟು ಮಾಮೂಲಾಗಿತ್ತೆಂದರೆ, ಕೇಕೋ, ಜನ ಸತ್ತವರ ಬಗ್ಗೆ ಹೇಳುವಾಗ ಒಬ್ಬರು ಕಾಯಿಲೆಯಿಂದ ಹೋದರು, ಇನ್ನೊಬ್ಬರು 'ತಿಳಿಯದವರಿಂದ' ಹೋದರು ಎನ್ನುತ್ತಿದ್ದರು. ಅದೂ ಒಂದು ಕಾಯಿಲೆಯ ಹಾಗೆ," ಎಂದಿದ್ದಳು.

ಎಷ್ಟೋ ವರ್ಷಗಳಾದ ಮೇಲೆ ಒಬ್ಬ ಮನುಷ್ಯ ಬೇರೆ ದೇಶಕ್ಕೆ ಓಡಿಹೋಗಿ ಅಲ್ಲಿಂದ ಬಾಯಿಬಿಟ್ಟ. ಅವನೂ ಮೊದಲು ಬೆಟ್ಟದಲ್ಲಿದ್ದವನೇ. ಸಿಕ್ಕಿಬಿದ್ದ ಮೇಲೆ ಸರ್ಕಾರದ ಗುಪ್ತ ತಂಡವೊಂದು ಅವನಿಗೆ ಹೊಸ ಹೆಸರು, ಸಂಬಳ, ಬಂದೂಕು ಕೊಟ್ಟು ತನ್ನವರ ಮೇಲೇ ಬಿಟ್ಟಿತ್ತಂತೆ. ಆ ತಂಡದ ಕೈಯಲ್ಲಿ ಸತ್ತವರೆಂದು ಅವನು ಹೇಳಿದ ಹೆಸರುಗಳ ನಡುವೆ ಆ ಊರಿನ 'ಔಷಧದಂಗಡಿಯವನು' ಎಂಬ ಒಂದು ಮಾತಿತ್ತು. ಅಷ್ಟನ್ನೇ ಹಿಡಿದುಕೊಂಡು ಗುಲಿಸ್ತಾನಳ ಮನೆಯವರು ಕೋರ್ಟಿಗೆ ಹೋದರು. ಅಂಥ ತಂಡವೇ ಇರಲಿಲ್ಲ ಎಂದು ಮೊದಲು ಉತ್ತರ ಬಂತು. ಆಮೇಲೆ, ಇಪ್ಪತ್ತು ವರ್ಷ ಕಳೆದ ಕೊಲೆಯ ವಿಚಾರಣೆಗೆ ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಬಂತು. ಸರ್ಕಾರದವರೇ ಮಾಡಿದ ಕೊಲೆಗೆ ಅವಧಿಯ ಲೆಕ್ಕ ಹೇಗೆ ಎಂದು ವಕೀಲರು ಇನ್ನೊಂದು ಅರ್ಜಿ ಹಾಕಿಸಿದರು. ಹೀಗೇ ನಡೆದಿತ್ತು. ಡಾಲಸ್ ಕಡೆ ಅವಳ ಜನ ಬೇಕಾದಷ್ಟಿದ್ದರು. ಅಲ್ಲಿಗೂ ಅವಳು ಹೋಗುತ್ತಿರಲಿಲ್ಲ. ಯಾರು ಯಾರಿಗೆ ಏನು ಹೇಳುತ್ತಾರೋ ತಿಳಿಯದು ಎನ್ನುತ್ತಿದ್ದಳು. ನನ್ನ ಹತ್ತಿರ ಮಾತ್ರ ಹೇಳುತ್ತಿದ್ದಳು. ನಾನು ಯಾರ ಕಡೆಯವನೂ ಅಲ್ಲವಲ್ಲ.

ಇನ್ನು ಆ ಆಗಸ್ಟ್ ತಿಂಗಳ ವಿಷಯಕ್ಕೆ ಬರಬೇಕು. ಬರಲು ಮನಸ್ಸಿಲ್ಲದೆ ಇಷ್ಟು ಹೊತ್ತು ಸುತ್ತು ಹಾಕಿದೆ.

ಪಾರ್ಕಿಂಗ್ ಜಾಗದ ಡಾಂಬರು ಮೆತ್ತಗಾಗುವಷ್ಟು ಬಿಸಿಲಿದ್ದ ಒಂದು ಮಧ್ಯಾಹ್ನ ಒಬ್ಬರು ಒಳಗೆ ಬಂದರು. ತೆಳು ನೀಲಿ ಶರ್ಟು, ಸಭ್ಯ ಮಾತು. ಒಂದು ದೊಡ್ಡ ಕವರು ಕೊಂಡರು. ತಾವು ತುರ್ಕಿಯವರು, ಕಾಲೇಜಿನಲ್ಲಿ ಪಾಠ ಹೇಳುವವರು ಎಂದರು. ನನಗೆ ಗೊತ್ತಿದ್ದ ಒಂದೇ ತುರ್ಕಿ ಮಾತಿನಲ್ಲಿ ನಮಸ್ಕಾರ ಹೇಳಿ 'ಮೆರ್ಹಬಾ' ಎಂದೆ. ಅವರು ಸಂತೋಷಪಟ್ಟರು. "ಇಲ್ಲಿಗೆ ನಮ್ಮವರು ಬರುತ್ತಾರೆಯೇ?" ಎಂದರು. ಅಷ್ಟೇ ಅವರು ಕೇಳಿದ್ದು. ಮಿಕ್ಕದ್ದೆಲ್ಲ ನಾನೇ ಹೇಳಿದೆ. ಒಬ್ಬ ಹುಡುಗಿ ಬರುತ್ತಾಳೆ, ತಿಂಗಳ ಮೊದಲ ಶನಿವಾರ, ತಪ್ಪುವುದೇ ಇಲ್ಲ. ಪಾಪ, ತಂದೆಯನ್ನು ಹಾಗೆ ಕಳಕೊಂಡವಳು. ತಾಯಿ ಇನ್ನೂ ಅದೇ ಊರಿನಲ್ಲಿ ಒಬ್ಬರೇ ಇದ್ದಾರೆ. ಎಷ್ಟು ಅರ್ಜಿ ಹಾಕುತ್ತಾಳೆ, ನಾನೇ ಸೀಲು ಒತ್ತುವುದು. ಅವರು ತಲೆದೂಗಿ ಕೇಳಿದರು, ಕೈ ಕುಲುಕಿದರು, ಹೊರಟರು. ಕೊಂಡ ಕವರನ್ನು ಕೌಂಟರಿನ ಮೇಲೇ ಬಿಟ್ಟುಹೋಗಿದ್ದರು. ಮರೆತಿರಬೇಕು ಎಂದುಕೊಂಡು ನಾನು ಅದನ್ನು ಎತ್ತಿಟ್ಟೆ.

ಮುಂದಿನ ತಿಂಗಳು ಗುಲಿಸ್ತಾನ ಶನಿವಾರ ಬರಲಿಲ್ಲ. ಬುಧವಾರ ಬಂದಳು. ಬಾಗಿಲ ಹತ್ತಿರವೇ ನಿಂತು, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲ ಎಂದು ನೋಡಿಕೊಂಡಳು.

"ಅಮ್ಮನ ಮನೆಗೆ ಇಬ್ಬರು ಬಂದಿದ್ದರು," ಎಂದಳು. "ಕೂತರು. ಅಮ್ಮ ಟೀ ಕೊಟ್ಟಳು, ಕುಡಿದರು. 'ನಿಮ್ಮ ಮಗಳು ಟೆಕ್ಸಾಸಿನಲ್ಲಿ ಒಬ್ಬ ಇಂಡಿಯದವನ ಅಂಗಡಿಗೆ ಹೋಗಿ ಸಹಿ ಹಾಕುತ್ತಾಳೆ. ಶನಿವಾರ ರಜಾ ದಿನ, ವಿಶ್ರಾಂತಿ ತೆಗೆದುಕೊಳ್ಳಲು ಹೇಳಿ,' ಎಂದರಂತೆ. ಅಷ್ಟೇ. ಹೋದರು. ಕೇಕೋ, ಇಲ್ಲಿ ಯಾರಾದರೂ ನನ್ನ ಬಗ್ಗೆ ಕೇಳಿದ್ದರೇ?"

ನಾನು ಇಲ್ಲ ಎಂದೆ.

ಯಾಕೆ ಹಾಗೆಂದೆ ಎಂದು ನಿಮಗೆ ವಿವರಿಸಲಾರೆ. ಬಾಯಿ ತಾನೇ ಮುಂದೆ ಹೋಗಿ ಹೇಳಿಬಿಟ್ಟಿತು. ಅವಳು ತಲೆಯಾಡಿಸಿ ಹೊರಟುಹೋದಳು. ಎರಡು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಶುಕ್ರವಾರ ಬೆಳಗಿನ ತಿಂಡಿಗೆ ಕೂತಾಗ ಸುಮಂಗಲಾಳಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಒಲೆ ಆರಿಸಿದಳು.

"ಹೋಗಿ ಹೇಳ್ರಿ," ಎಂದಳು. "ಫೋನಿನ್ಯಾಗ ಬ್ಯಾಡ. ಮಾರಿ ಮುಂದ ಕುಂತು ಹೇಳ್ರಿ."

"ಏನಂತ ಹೇಳ್ಲಿ?"

"ನಾ ಹೇಳೇನಿ ಅಂತ ಹೇಳ್ರಿ. ಮತ್ತೇನೈತಿ ಹೇಳಾಕ."

ಅವತ್ತು ಅಂಗಡಿ ತೆರೆಯದೆ ಐ-ಟೆನ್ ಹೆದ್ದಾರಿ ಹಿಡಿದು ಗುಲಿಸ್ತಾನಳ ಆಫೀಸಿಗೆ ಹೋದೆ. ಊಟದ ಬಿಡುವಿನಲ್ಲಿ ಅವಳು ಕೆಳಗೆ ಬಂದಳು. ಆ ಆಫೀಸುಗಳ ನಡುವೆ ತೋಡಿಸಿದ ಒಂದು ಕೆರೆ, ಸುತ್ತ ಬೆಂಚುಗಳು. ಒಂದರ ಮೇಲೆ ಕೂತು ಹೇಳಿದೆ. ಮೆರ್ಹಬಾದಿಂದ ಹಿಡಿದು ಬಿಟ್ಟುಹೋದ ಕವರಿನವರೆಗೆ, ಬುಧವಾರ ಆಡಿದ ಸುಳ್ಳೂ ಸೇರಿ, ಒಂದನ್ನೂ ಬಿಡಲಿಲ್ಲ. ಅವಳು ನೀರು ನೋಡುತ್ತಾ ಕೇಳಿದಳು.

"ಅವನ ಮುಖ ಹೇಗಿತ್ತು?"

ನೆನಪು ಮಾಡಿಕೊಂಡೆ. ಶರ್ಟು ನೆನಪಿತ್ತು, ಕವರು ನೆನಪಿತ್ತು. ಮುಖ ಮಾತ್ರ ಬರಲಿಲ್ಲ.

"ಬರುವುದಿಲ್ಲ," ಎಂದಳು. "ಆ ಕೆಲಸಕ್ಕೆ ಅಂಥವರನ್ನೇ ಆರಿಸುತ್ತಾರೆ. ಅವನು ನಿಜವಾಗಿ ಮೇಷ್ಟ್ರೇ ಇರಬಹುದು. ಯಾರಿಗೋ ಸುಮ್ಮನೆ ಹೇಳಿರಬಹುದು, ನೀವು ಅವನಿಗೆ ಹೇಳಿದ ಹಾಗೆ."

ಆಮೇಲೆ ಅಲ್ಲಿಯವರೆಗೆ ಎಂದೂ ಹೇಳದ ಒಂದು ವಿಷಯ ಹೇಳಿದಳು. ತಂದೆಯ ಅಂಗಡಿಯ ಪಕ್ಕದಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬನಿದ್ದ. ಬಿಳಿ ಕಾರಿನವರು ಮೊದಲು ಬಂದಾಗ ಔಷಧದಂಗಡಿ ಮುಚ್ಚಿತ್ತು. ಯಾರಿಗೋ ಹುಷಾರಿಲ್ಲ, ಔಷಧಕ್ಕೆ ಬಂದಿದ್ದಾರೆ ಎಂದುಕೊಂಡು ಅವನು, ಊಟಕ್ಕೆ ಹೋಗಿದ್ದಾರೆ, ಎರಡು ಗಂಟೆಗೆ ಬರುತ್ತಾರೆ, ಇಲ್ಲೇ ನೆರಳಲ್ಲಿ ಕೂತಿರಿ ಎಂದು ಸ್ಟೂಲು ಕೊಟ್ಟಿದ್ದ.

"ಸಾಯುವವರೆಗೆ ಪ್ರತಿ ಹಬ್ಬಕ್ಕೂ ಅವನು ನಮ್ಮ ಮನೆಗೆ ಬಂದು ಕೂರುತ್ತಿದ್ದ. ಒಂದು ಮಾತೂ ಆಡುತ್ತಿರಲಿಲ್ಲ. ನಮಗೆಲ್ಲ ಗೊತ್ತಿತ್ತು, ನಮಗೆ ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು. ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಅವನು ಒಳ್ಳೆಯವನು, ಕೇಕೋ. ನೀವು ಬಂದು ಹೇಳಿದಿರಿ."

ಅದು ಕ್ಷಮೆಯೋ ಅಲ್ಲವೋ ನನಗೆ ಇವತ್ತಿಗೂ ಸ್ಪಷ್ಟವಾಗಿಲ್ಲ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಣಿದವರ ದನಿ ಅದು. ಊಟದ ಬಿಡುವು ಮುಗಿದಿತ್ತು, ಎದ್ದು ಒಳಗೆ ಹೋದಳು. ಇನ್ನು ಅವಳು ನನ್ನ ಅಂಗಡಿಯ ಮುಖ ನೋಡುವುದಿಲ್ಲ ಎಂದುಕೊಂಡು ಮನೆಗೆ ಬಂದೆ.

ಚಳಿಗಾಲ ಶುರುವಾಗುವ ಹೊತ್ತಿಗೆ ಬಂದಳು. ಕೈಯಲ್ಲಿ ಅರ್ಜಿ, ಜೊತೆಗೆ ಈ ನಿಂಬೆಯ ಬಾಟಲಿ. ಇದನ್ನು ತಾಯಿ ಕಳಿಸಿದ್ದಂತೆ. ತಾಯಿ ಹೆದರಿ ನಿಲ್ಲಿಸು ಎನ್ನುತ್ತಾರೆ ಎಂದು ಅವಳು ನಿರೀಕ್ಷಿಸಿದ್ದಳು. ಆಕೆ ಫೋನಿನಲ್ಲಿ, ಯಾರು ಕದ್ದು ಕೇಳಿದರೂ ಕೇಳಲಿ ಎಂಬಂತೆ, "ಅವರು ಕುಡಿದ ಲೋಟ ಎರಡು ಸಲ ತೊಳೆದಿಟ್ಟಿದ್ದೇನೆ. ನೀನು ಅರ್ಜಿ ಬರೆ," ಎಂದಿದ್ದರು.

"ಇದು ಕೊನೆಯದು," ಎಂದಳು ಗುಲಿಸ್ತಾನ. "ಇದರ ಮೇಲೆ ಇನ್ನೊಂದು ಕೋರ್ಟಿಲ್ಲ. ಈ ಸಲ ನೀವು ಓದಬೇಕು."

ಮೂರು ಪುಟ. ಒಂದು ಪಕ್ಕದಲ್ಲಿ ತುರ್ಕಿ, ಒಂದು ಪಕ್ಕದಲ್ಲಿ ಇಂಗ್ಲಿಷ್. ಸೇತುವೆಯ ಕೆಳಗೆ ಸಿಕ್ಕ ತಂದೆಯ ಮೈಮೇಲೆ ಕಂದು ಕೋಟು, ಒಂದೇ ಕಾಲಿನಲ್ಲಿ ಬೂಟು, ಜೇಬಿನಲ್ಲಿ ಅಂಗಡಿಯ ಬೀಗದ ಕೈ. ನನಗೆ ಕಥೆ ಗೊತ್ತಿತ್ತು ಎಂದುಕೊಂಡಿದ್ದೆ. ಬೂಟಿನ ವಿಷಯ ಗೊತ್ತಿರಲಿಲ್ಲ. ಕೊನೆಯಲ್ಲಿ ಹೀಗೆ ಬರೆದಿದ್ದಳು: ಯಾರಿಗೂ ಶಿಕ್ಷೆಯಾಗಲೆಂದು ನಾನು ಕೇಳುತ್ತಿಲ್ಲ. ನನ್ನ ತಂದೆಯನ್ನು ಕರೆದೊಯ್ದವರು ಯಾರು ಎಂದು ಬರೆದುಕೊಡಿ. 'ತಿಳಿದಿಲ್ಲ' ಎಂಬ ಪದವನ್ನು ಹೊಡೆದುಹಾಕಿ.

ಅವಳು ಬಲಗೈ ಎತ್ತಿದಳು. ಇದರಲ್ಲಿ ಬರೆದಿರುವುದೆಲ್ಲ ಸತ್ಯವೆಂದು ಪ್ರಮಾಣ ಮಾಡುತ್ತೀಯಾ ಎಂದು ನಾನು ಕೇಳಬೇಕು. ಸಾವಿರಾರು ಸಲ ಕೇಳಿದ ಪ್ರಶ್ನೆ ಅದು. ಅವತ್ತು ಮೂರು ಪುಟಗಳ ಅಂಚು ಸರಿಮಾಡಿದೆ, ಮತ್ತೊಮ್ಮೆ ಸರಿಮಾಡಿದೆ. ಅವಳು ಕೈ ಇಳಿಸದೆ ಕಾದಳು. ಕೊನೆಗೆ ಕೇಳಿದೆ. ಹೌದು ಎಂದಳು. ಸೀಲು ಒತ್ತಿದೆ.

ಏಳು ತಿಂಗಳಿಗೆ ಉತ್ತರ ಬಂತು. ಪೆಟ್ಟಿಗೆಯ ಎದುರೇ ನಿಂತು ಓದಿದಳು. ಕಾಗದ ಒಂದೇ ಪುಟದ್ದು. ಅವಧಿ ಮೀರಿದೆ, ವಿಚಾರಣೆಗೆ ಆಧಾರವಿಲ್ಲ. ಸುಮಂಗಲಾ ಅವಳಿಗೆ ಚಹಾ ಕೊಟ್ಟು ಪಕ್ಕದಲ್ಲಿ ಕೂತಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಚಹಾ ಮುಗಿದ ಮೇಲೆ ಗುಲಿಸ್ತಾನ ಪೆಟ್ಟಿಗೆಯ ಬೀಗದ ಕೈಯನ್ನು ಕೌಂಟರಿನ ಮೇಲಿಟ್ಟು, ತಾನು ಊರು ಬಿಡುತ್ತಿರುವುದಾಗಿ ಹೇಳಿದಳು. ಯಾವ ಊರಿಗೆ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು. ಹೇಳಬೇಕೆಂದೇ ಹೇಳಿದಳು ಎಂದು ನನಗೆ ಅನಿಸುತ್ತದೆ.

ಅದಾಗಿ ವರ್ಷಗಳಾದವು. ಕಳೆದ ವಾರ ಕನ್ನಡ ಸಂಘದ ಹಿರಿಯರೊಬ್ಬರು ಪಾರ್ಸೆಲ್ ಕಳಿಸಲು ಬಂದವರು, ಆಗತಾನೇ ಪೆಟ್ಟಿಗೆ ತೆರೆದುಕೊಂಡು ಹೋದ ದಂಪತಿಯನ್ನು ನೋಡಿ, "ಯಾರಪ್ಪಾ ಅವರು, ನಮ್ಮ ಕಡೆಯವರ ಥರ ಕಾಣ್ತಾರೆ?" ಎಂದರು. ಗೊತ್ತಿಲ್ಲ ಅಂಕಲ್ ಎಂದೆ. "ನಿಮಗೆ ಗೊತ್ತಿಲ್ಲದೆ ಯಾರಿಗೆ ಗೊತ್ತಿರತ್ತೆ?" ಎಂದು ಸ್ವಲ್ಪ ಮುನಿಸಿಕೊಂಡೇ ಹೋದರು. ಸಂಘದ ಊಟಗಳಲ್ಲಿ ನನ್ನ ಸುತ್ತ ಈಗ ಜನ ಸೇರುವುದಿಲ್ಲ. "ಬಾಯಿಗಿ ಬೀಗ ಹಾಕ್ಕೊಂಡೀರಲ್ರಿ," ಎಂದು ಸುಮಂಗಲಾ ಒಮ್ಮೊಮ್ಮೆ ಬೇಸರದಿಂದ ಅನ್ನುತ್ತಾಳೆ. ಮನೆಯೂ ಸಪ್ಪಗಾಗಿದೆ, ನಿಜ.

ಗುಲಿಸ್ತಾನ ಈಗ ಎಲ್ಲಿದ್ದಾಳೆ ಎಂದು ನೀವೂ ಕೇಳುತ್ತೀರಿ. ಇಷ್ಟು ಹೊತ್ತು ಜೊತೆಗೆ ಕೂತು ಕೇಳಿಸಿಕೊಂಡಿದ್ದೀರಿ, ಕೇಳುವುದು ಸಹಜ. ನಿಮ್ಮಲ್ಲಿ ಕೆಟ್ಟದ್ದೇನೂ ಇಲ್ಲ, ಬಲ್ಲೆ.

ನನಗೆ ಗೊತ್ತಿಲ್ಲ.