ಪೆನ್ಸಿಲ್ ಗೆರೆಯ ಸುದರ್ಶನ ಮಾಮ

ನಮ್ಮ ಕೋಪರಖೈರಣೆ ಸೊಸೈಟಿಯ ಸುದರ್ಶನ ಮಾಮನಿಗೆ ಗೆರೆ ಎಳೆಯದಿದ್ದರೆ ಉಪ್ಪಿಟ್ಟು ಗಂಟಲಲ್ಲಿ ಇಳಿಯುವುದಿಲ್ಲ. ಆಸ್ಪತ್ರೆಯೊಂದರಲ್ಲಿ ಅವರ ಕೆಲಸವೇ ಅದು: ನೂರಾರು ರೋಗಿಗಳ ಹಳೆಯ ರಿಪೋರ್ಟುಗಳನ್ನು ಕಂಪ್ಯೂಟರಿಗೆ ತುಂಬಿ, ಯಾರ ಕಾಯಿಲೆ ಮುಂದೆ ಯಾವ ದಾರಿ ಹಿಡಿಯಬಹುದೆಂದು ಲೆಕ್ಕ ಹಾಕಿ ಗ್ರಾಫಿನಲ್ಲಿ ಗೆರೆ ಎಳೆಯುವುದು. ಮನೆಯಲ್ಲೂ ಬಿಡುವುದಿಲ್ಲ, ಹಾಲು ಉಕ್ಕುವುದಕ್ಕೂ ವಾಶಿ ಲೋಕಲ್ ರೈಲು ತಡವಾಗುವುದಕ್ಕೂ ಅವರ ಹತ್ತಿರ ಗ್ರಾಫ್ ಇದೆ. ಗೆರೆ ನೋಡಿ ಮುಂದಿನದು ಹೇಳುತ್ತಾರೆಂದು ಕೇಳಿ ಕೆಳಮನೆಯ ಮರೆಮ್ಮ ಅಂಗೈ ಚಾಚಿದರು: "ಸಕ್ರಿ ಬ್ಯಾನಿ ಎಂದ್ ಇಳೀತದ, ನೋಡ್ರಿ." "ಕೈಯ ಗೆರೆ ಅಲ್ಲ ಮಾರಾಯ್ರೆ, ಹಳೇ ರಿಪೋರ್ಟ್ ತನ್ನಿ," ಅಂದರು ಮಾಮ. ಮರುದಿನ ಮರೆಮ್ಮ ರಿಪೋರ್ಟುಗಳ ಮೂಲೆಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಸಮೇತ ತಂದರು. ಕಾಯಿ ಮಾಮನ ಮನೆಯ ಚಟ್ನಿಗಾಯಿತು. ಆಗಿಹೋದದ್ದನ್ನು ಮಾಮ ಗ್ರಾಫಿನ ಮೇಲೆ ಪೆನ್ನಿನಲ್ಲಿ ಗುರುತಿಸುತ್ತಾರೆ, ಮುಂದಿನದನ್ನು ಪೆನ್ಸಿಲ್‌ನಲ್ಲಿ. ಕಿಡ್ನಿ ಕಾಯಿಲೆಯ ನನ್ನ ಮಗಳು ಶಾಂಭವಿಗೆ ಡಾಕ್ಟರು ಔಷಧದ ಪ್ರಮಾಣ ಇಳಿಸಿದಾಗ, ಅವಳ ಮೂತ್ರದ ಪ್ರೋಟೀನಿಗೆಂದು ಮಾಮ ಎಳೆದ ಪೆನ್ಸಿಲ್ ಗೆರೆ ಮುಂದೆ ದಸರೆಯ ಹೊತ್ತಿಗೆ ಮತ್ತೆ ಮೇಲೇರುವಂತಿತ್ತು. ಅಂದರೆ ಕಾಯಿಲೆ ಮರಳಬಹುದು. "ಇದು ಪೆನ್ಸಿಲ್ ಯಾಕೆ ಮಾಮ?" ಎಂದು ಮೆಲ್ಲಗೆ ಕೇಳಿದ್ದೆ. "ತಿದ್ದುವವಳು ಅವಳಲ್ವ," ಅಂದಿದ್ದರು. ದಸರೆ ಕಳೆದು ಇಂದು ರಿಪೋರ್ಟ್ ಬಂತು: ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಸುದ್ದಿ ಕೇಳಿದ ಮಾಮ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲೇರಿ ಬಂದರು. "ನನ್ನ ಲೆಕ್ಕ ತಪ್ಪಿತು ಮಾರಾಯ್ತಿ, ಚೆಂದಕ್ಕೆ ತಪ್ಪಿತು," ಅನ್ನುತ್ತಾ ಗ್ರಾಫನ್ನು ನೆಲದ ಮೇಲೆ ಹರಡಿ, ಶಾಂಭವಿಯ ಕೈಗೆ ರಬ್ಬರ್ ಕೊಟ್ಟರು. ಅವಳು ಮೇಲೇರಿದ್ದ ಆ ಪೆನ್ಸಿಲ್ ಗೆರೆಯನ್ನು ಕಾಗದ ಹರಿಯುವಷ್ಟು ಜೋರಾಗಿ ಉಜ್ಜಿದಳು.