ಡಾಕ್ಟರ ಮೇಲೆ ಮಾತು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಮ್ಮ ಕಡೆಯ ಡಾಕ್ಟರುಗಳಿಗೆ ಒಂದು ಹೆದರಿಕೆ ಹೊಕ್ಕಿತು. ರೋಗಿಯೂ ಗ್ರಾಹಕನೇ, ಚಿಕಿತ್ಸೆ ಕೆಟ್ಟರೆ ಗ್ರಾಹಕರ ಕೋರ್ಟಿಗೆ ಹೋಗಬಹುದು ಎಂಬ ಸುದ್ದಿ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ದವಾಖಾನೆಗಳನ್ನೆಲ್ಲ ಸುತ್ತಿ ಕೊಟ್ಟೂರಿಗೂ ಬಂದಿತ್ತು. ಅಲ್ಲಿಯವರೆಗೆ ‘ಏನಾಗಲ್ಲ, ಹೋಗು’ ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದವರು ‘ನೋಡೋಣ’ ಎನ್ನತೊಡಗಿದರು. ನನಗೆ ಇದು ತಿಳಿದದ್ದು ಪೇಪರು ಓದಿ ಅಲ್ಲ, ನಮ್ಮ ಅತ್ತಿಗೆಯ ಮೊಣಕಾಲಿನಿಂದ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ನನ್ನ ತವರು ತಂಬ್ರಹಳ್ಳಿ. ಅಲ್ಲಿ ಹೊಲದ ಜೊತೆ ಒಂದಷ್ಟು ಕುರಿಗಳಿದ್ದವು. ಒಂದು ಮಳೆಗಾಲದ ಕೊನೆಗೆ ಕುರಿಯ ಉಣ್ಣಿಯೊಂದು ಅವಳ ತೊಡೆಗೆ ಕಚ್ಚಿತು. ಉಣ್ಣಿ ಕಚ್ಚುವುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಆದರೆ ಕಚ್ಚಿದ ಜಾಗದ ಸುತ್ತ ಬಳೆಯಂತೆ ಕೆಂಪು ಎದ್ದಿತು, ಜ್ವರ ಬಂದು ಹೋಯಿತು, ಆಮೇಲೆ ಮೊಣಕಾಲು ಬಾತುಕೊಂಡು ಅವಳು ಗೋಡೆ ಹಿಡಿದು ನಡೆಯುವಂತಾಯಿತು. ದೊಡ್ಡಾಸ್ಪತ್ರೆಯೊಂದರಲ್ಲಿ ವಾಯು ಎಂದು ಹೇಳಿ ಮುಲಾಮು ಕೊಟ್ಟು ಕಳಿಸಿದರು. ನಾನು ಮದುವೆಯಾಗಿ ಕೊಟ್ಟೂರಿನಲ್ಲಿದ್ದೆ, ಡಿಗ್ರಿ ಓದಿದವಳೆಂಬ ಜಂಬ ಬೇರೆ. ‘ನಮ್ಮೂರಿನ ಡಾಕ್ಟರು ಪುಸ್ತಕ ಓದೋರು, ಕರ್ಕೊಂಡು ಬರ್ರಿ’ ಎಂದು ಹೇಳಿ ಕಳಿಸಿದೆ. ಅಪ್ಪ ಸೊಸೆಯನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದ.

ಡಾಕ್ಟರು ಕೆಂಪು ಕಲೆಯ ಕಥೆಯನ್ನು ಎರಡು ಸಲ ಕೇಳಿದರು. “ಇದು ಲೈಮ್ ಅನ್ನೋ ಕಾಯಿಲೆ ಇರಬಹುದು. ನಮ್ಮ ದೇಶದಲ್ಲಿ ಅದಿಲ್ಲ ಅನ್ನೋರೇ ಜಾಸ್ತಿ. ಪರೀಕ್ಷೆ ಮಾಡಿಸೋಣ ಅಂದ್ರೆ ಹತ್ತಿರದಲ್ಲಿ ಎಲ್ಲೂ ಆಗಲ್ಲ. ಮಾತ್ರೆ ಮಾತ್ರ ಬಹಳ ದಿನ ಕೊಡಬೇಕಾಗುತ್ತೆ. ಏನಾದ್ರೂ ಹೆಚ್ಚುಕಮ್ಮಿ ಆಯ್ತು ಅಂದ್ರೆ, ಇಲ್ಲದ ಕಾಯಿಲೆಗೆ ಯಾಕೆ ಔಷಧಿ ಕೊಟ್ಟೆ ಅಂತ ನನ್ನನ್ನೇ ಕೇಳ್ತಾರೆ. ನನ್ನ ಪರ ನಿಲ್ಲೋ ಕಾನೂನು ಒಂದೂ ಇಲ್ಲ. ಅದಕ್ಕೇ ಮನೆಯವರ ಸಹಿ ಬೇಕು.”

ಅಪ್ಪನಿಗೆ ಸಹಿ ಎಂಬ ಮಾತೇ ಹಿಡಿಸಲಿಲ್ಲ. “ಸಹಿ ಮಾಡಾದು ಹೊಲ ಮಾರೋವಾಗ್ರಿ. ನಾವೇನ್ ಸೊಸೀನ ಮಾರಾಕ ಬಂದೀವೇನು?” ಎಂದ. ಅಂಗಿಯ ಕಿಸೆಯಿಂದ ಮೈಲಾರದ ದೇವರ ಭಂಡಾರದ ಪೊಟ್ಟಣ ತೆಗೆದು ಡಾಕ್ಟರ ಮೇಜಿನ ಮೇಲೆ ಬಿಚ್ಚಿಟ್ಟ. ಅರಿಶಿನದ ಪುಡಿಗೆ ಬೆರಳು ಮುಟ್ಟಿಸಿ, “ಇದ್ರ ಮ್ಯಾಲೆ ಆಣಿ. ನಮ್ಮ ಕುಲದಾಗ ಹುಟ್ಟಿದೋರು, ನಮ್ಮ ಮನಿಗೆ ಬಂದೋರು, ಯಾರೂ ನಿಮ್ಮ ಮ್ಯಾಲೆ ಮಾತು ತರಂಗಿಲ್ಲ. ಔಷಧ ಕೊಡ್ರಿ” ಎಂದ. ಡಾಕ್ಟರು ನಕ್ಕರು, ನಾನೂ ನಕ್ಕೆ. ಆದರೆ ಅವರ ಮುಖ ಸಡಿಲವಾದದ್ದನ್ನು ಕಂಡೆ. ಈ ಸೀಮೆಯಲ್ಲಿ ಬಾಂಡ್ ಪೇಪರಿಗಿಂತ ಭಂಡಾರ ಗಟ್ಟಿ ಎಂಬುದು ಅವರಿಗೂ ಗೊತ್ತಿತ್ತು.

ಅತ್ತಿಗೆ ಮತ್ತೆ ಮತ್ತೆ ತೋರಿಸಲು ಬಂದಳು. ಡಾಕ್ಟರು ‘ಹೇಗಿದೀಯಮ್ಮ’ ಎಂದರೆ ‘ಆರಾಮ ಅದೀನ್ರಿ’ ಎನ್ನುವಳು. ಮೊಣಕಾಲಿನ ಬಾವು ನಿಜಕ್ಕೂ ಇಳಿಯುತ್ತಿತ್ತು. ಆದರೆ ಅವಳೂ ಇಳಿಯುತ್ತಿದ್ದಳು. ರವಿಕೆಯ ತೋಳು ಜೋತುಬಿದ್ದಿತ್ತು. ರೋಗ ಇನ್ನೂ ಒಳಗಿದೆ ಎಂದುಕೊಂಡು ಡಾಕ್ಟರು ಒಂದು ದಿನ ಮಾತ್ರೆ ಹೆಚ್ಚು ಮಾಡಿ ಚೀಟಿ ಬರೆದರು.

ಅವತ್ತು ಅವಳೊಬ್ಬಳೇ ಬಂದಿದ್ದಳು. ಬಸ್ಸಿಗೆ ಹೊತ್ತಿತ್ತೆಂದು ಮನೆಗೆ ಕರೆತಂದು ಉಣ್ಣಲು ಹಾಕಿದೆ. ಕಟಿಕಟಿ ರೊಟ್ಟಿ ಎಂದರೆ ಜೀವ ಬಿಡುವ ಹೆಣ್ಣು ರೊಟ್ಟಿಯನ್ನು ಮಜ್ಜಿಗೆಯಲ್ಲಿ ಮುರಿದು ಹಾಕಿ ನೆನೆಯಲೆಂದು ಕೂತಳು. ಒಂದು ತುತ್ತು ನುಂಗುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಏನು ಎಂದರೆ ಏನಿಲ್ಲ ಎಂದಳು. ನಾನು ಬಿಡಲಿಲ್ಲ.

“ಗುಳಿಗಿ ನುಂಗಿದ್ರ ಎದಿಯಾಗ ಕೆಂಡ ಇಟ್ಟಂಗ ಆಕೈತವ್ವ. ಈಗೀಗ ಅಂಬಲಿನೂ ಇಳಿಯವಲ್ದು.”

“ಮತ್ತ ಡಾಕ್ಟರ ಮುಂದ ಯಾಕ ಬಾಯಿ ಬಿಡ್ಲಿಲ್ಲ?”

“ಹೆಂಗ ಹೇಳ್ಲಿ? ನಿಮ್ಮ ಗುಳಿಗಿ ಸುಡ್ತೈತಿ ಅಂದ್ರ ಅವ್ರ ಮ್ಯಾಲೆ ಮಾತು ತಂದಂಗ ಅಲ್ಲೇನು?”

ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ಮೇಲೆ, ಡಾಕ್ಟರ ಮೇಲೆ, ಬಾಯಿ ಹೊಲಿದುಕೊಂಡು ಸಾಯಲು ತಯಾರಾದ ಇವಳ ಮೇಲೆ. ಏಳು, ಡಾಕ್ಟರ ಹತ್ತಿರ ಹೋಗೋಣ ಎಂದೆ. ನೀನೂ ನಮ್ಮ ಕುಲದವಳು, ನಿನಗೂ ಆಣೆ ಐತಿ ಎಂದು ಅವಳು ಬಾಗಿಲಿಗೆ ಅಡ್ಡ ನಿಂತಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ತವರಿನಲ್ಲಿ ಅದನ್ನು ನನಗೆ ಎಷ್ಟು ಸಲ ಅಂದಿದ್ದರೋ. ಅವತ್ತು ಮೊದಲ ಬಾರಿಗೆ ಅದು ಉಪಯೋಗಕ್ಕೆ ಬಂತು. “ನಾನು ಕೊಟ್ಟ ಹೆಣ್ಣು, ಕುಲಕ್ಕೆ ಹೊರಗ. ಅಪ್ಪನ ಆಣಿ ನನಗ ತಾಗಂಗಿಲ್ಲ” ಎಂದೆ. ಯಾವ ವಕೀಲನೂ ಹೀಗೆ ಗೆದ್ದಿರಲಿಕ್ಕಿಲ್ಲ. ಅವಳು ದಾರಿ ಬಿಟ್ಟಳು.

ಡಾಕ್ಟರ ಮುಂದೆ ಎಲ್ಲವನ್ನೂ ನಾನೇ ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ಕನ್ನಡಕ ತೆಗೆದರು. “ಮಾತ್ರೆ ಹೇಗೆ ನುಂಗ್ತೀಯಮ್ಮ?” ಎಂದು ಅವಳನ್ನು ಕೇಳಿದರು.

“ರಾತ್ರಿ ಉಂಡು, ಒಂದು ಗುಟುಕು ನೀರು ಕುಡ್ದು ಅಡ್ಡಾಗ್ತೀನ್ರಿ.”

ನೀರು ಸಾಲದೆ, ನುಂಗಿದ ಕೂಡಲೇ ಮಲಗಿ, ಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡಿದೆ, ನಿನ್ನನ್ನು ಇಳಿಸುತ್ತಿರುವುದು ರೋಗವಲ್ಲ, ನನ್ನ ಔಷಧಿ ಎಂದರು. ಬೆಳಿಗ್ಗೆ ಬರೆದ ಚೀಟಿಯನ್ನು ಈಸಿಕೊಂಡು ಹರಿದರು. ಆ ಮಾತ್ರೆ ಅವತ್ತಿಗೇ ನಿಂತಿತು, ಕೆಲವು ವಾರಗಳಲ್ಲಿ ಗಂಟಲಿನ ಹುಣ್ಣು ಮಾಯಿತು. ಮೊಣಕಾಲು ಕುರಿಯ ಹಿಂದೆ ಹೋಗುವಷ್ಟು ನೆಟ್ಟಗಾಯಿತು. ಅದು ಲೈಮೋ ಅಲ್ಲವೋ ಎಂಬುದು ಮಾತ್ರ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಆದರೆ ಅವತ್ತು ಅತ್ತಿಗೆಗೆ ಗಂಟಲಿನ ಚಿಂತೆಯೇ ಇರಲಿಲ್ಲ. “ಈಗ ನಾನೂ ಮಾತಾಡಿದಂಗ ಆತಲ್ರಿ. ನನ್ನ ಮಕ್ಳಿಗೆ ಏನೂ ಆಗಂಗಿಲ್ಲಲ್ರಿ?” ಎಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ಅಪ್ಪನ ಆಣೆ ಅಷ್ಟಕ್ಕೇ ನಿಂತಿರಲಿಲ್ಲ. ಅವತ್ತು ಭಂಡಾರ ಮುಟ್ಟಿದ ದಿನ ಊರಿಗೆ ಹೋದ ಮೇಲೆ ಅವಳು ತನ್ನ ಇಬ್ಬರು ಮಕ್ಕಳ ತಲೆ ಮುಟ್ಟಿ ತಾನೂ ಆಣೆ ಮಾಡಿಕೊಂಡಿದ್ದಳಂತೆ.

“ಮಕ್ಕಳ ಮೇಲಾ? ನಾನು ಕೇಳಿದ್ದು ಒಂದು ಸಹಿ ಅಷ್ಟೇ ಅಲ್ವೇನಮ್ಮಾ” ಎಂದರು ಡಾಕ್ಟರು. ಏನೂ ಆಗುವುದಿಲ್ಲವೆಂದು ಅವರೂ ಹೇಳಿದರು, ನಾನೂ ಜೋರಾಗಿಯೇ ಹೇಳಿದೆ. ಅವಳು ನಮ್ಮಿಬ್ಬರನ್ನೂ ನಂಬಲಿಲ್ಲ. ಉಳಿದ ಊಟಕ್ಕೂ ನಿಲ್ಲದೆ, ಮಕ್ಕಳನ್ನು ನೋಡಬೇಕೆಂದು ಸಿಕ್ಕ ಬಸ್ಸು ಹತ್ತಿದಳು.

ಬಸ್ಸು ಹೋದ ಮೇಲೆ ನಾನು ಮನೆಗೆ ಹೋಗಬೇಕಿತ್ತು. ಆಣೆ, ಶಾಪ ಒಂದನ್ನೂ ನಂಬುವವಳಲ್ಲ ನಾನು. ಆದರೂ ನೇರ ನನ್ನ ಮಕ್ಕಳ ಶಾಲೆಗೆ ಹೋಗಿ, ಇಬ್ಬರೂ ಹೊರಗೆ ಬರುವ ತನಕ ಗೇಟಿನ ಹತ್ತಿರ ನಿಂತಿದ್ದೆ.